ನಮ್ಮ ಅಂಗಳದ ಪುರುಷರತ್ನ

ಇಂದು ಬೆಳಿಗ್ಗೆ ಅಂಗಳ ತೊಳೆದು ಒಳಗೆ ಬರುವಾಗ ಒದ್ದೆ ಪಾದಕ್ಕೆ ಒಂದು ನೇರಳೆ ಎಸಳು ಅಂಟಿಕೊಂಡಿತ್ತು. ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ. ಅದನ್ನು ಬಿಡಿಸುತ್ತ ಹೊಸ್ತಿಲ ಬಳಿ ಕುಳಿತವಳಿಗೆ ನಗು ಬಂತು. ಈ ಎಸಳಿನ ದೆಸೆಯಿಂದ ನಾನೊಮ್ಮೆ ಇಡೀ ಓಣಿಯಲ್ಲಿ ನಗೆಪಾಟಲಾಗಿದ್ದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ಗಂಡ ವಾಡಿಯಲ್ಲಿ ರೈಲ್ವೆ ನೌಕರಿ ಮುಗಿಸಿದ ಮೇಲೆ ನಾವು ಚಿತ್ತಾಪುರಕ್ಕೆ ಬಂದು ನೆಲೆಸಿದೆವು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ನಿವೃತ್ತಿಯ ನಂತರ ನನಗೆ ಗಿಡಗಳ ಹುಚ್ಚು ಹಿಡಿಯಿತು, ಅವರಿಗೆ ಸ್ವಚ್ಛತೆಯ ಹುಚ್ಚು. ಮಣ್ಣಿನ ಅಂಗಳಕ್ಕೆಲ್ಲ ಪರಸಿಕಲ್ಲಿನ ಚಪ್ಪಡಿ ಹಾಸಿಬಿಟ್ಟರೆ ಕೆಸರಿನ ಕಾಟವೇ ಇರುವುದಿಲ್ಲ ಎಂದು ಶಹಾಬಾದಿನಿಂದ ಕಲ್ಲು ತರಿಸಿ ಗೋಡೆಗೆ ಒರಗಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಹಾಸುವ ಕೆಲಸ ಇಂದು ನಾಳೆ ಎನ್ನುತ್ತ ಎರಡು ತಿಂಗಳು ಮುಂದೆ ಹೋಯಿತು.

ಆ ಎರಡು ತಿಂಗಳಲ್ಲಿ ಅವು ಹುಟ್ಟಿದವು. ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಗೇಣುದ್ದದ ಹತ್ತು ಹನ್ನೆರಡು ಗಿಡ, ಸಣಕಲು ಎಲೆ, ಹೂವಿಗೆ ಸಲಿಕೆಯ ಹಾಗೆ ಚಾಚಿದ ಒಂದೇ ಒಂದು ದೊಡ್ಡ ಎಸಳು. ಮೊಬೈಲಿನಲ್ಲಿ ಫೋಟೋ ಹಿಡಿದು, ಗಿಡ ಗುರುತಿಸುವ ಆ್ಯಪನ್ನು ಕೇಳಿದೆ. ಹೆಸರು ಹೇಳಲಿಲ್ಲ, ವಯೋಲೆಟ್ ಕುಟುಂಬದ್ದು ಎಂದಷ್ಟೇ ಹೇಳಿತು. ಹಿಮ ಬೀಳುವ ನಾಡಿನ ವಯೋಲೆಟ್, ನಮ್ಮ ಚಿತ್ತಾಪುರದ ಬಿಸಿಲಿನಲ್ಲಿ! ಸಂಜೆಯೊಳಗೆ ಓಣಿಯ ಏಳೆಂಟು ಮನೆಗಳಿಗೆ ಸುದ್ದಿ ಮುಟ್ಟಿಸಿ ಬಂದೆ.

ಎದುರು ಮನೆಯ ಖೈರುನ್ನಿಸಾ ಬಂದು ಬಗ್ಗಿ ನೋಡಿದಳು. "ಟೀಚರ್, ಇದು ನಮ್ಮ ಹೊಲದಾಗ ಭಾಳ ಬೆಳೀತದ್ರಿ. ಆಡು ತಿಂತಾವ."

"ಹಂಗಾರ ಇದರ ಹೆಸರೇನು ಹೇಳು, ನೋಡೋಣು."

"ನಂಗೇನ್ ಗೊತ್ರಿ? ಟೀಚರ್ ನೀವು. ನೀವೇ ಹೇಳ್ರಿ."

ನಾನು ಚಹಾದ ನೆವ ಹೇಳಿ ಒಳಗೆ ಹೋದೆ. ಮರುದಿನದಿಂದ ಓಣಿಯ ಹೆಂಗಸರು "ಟೀಚರ್, ಫಾರೆನ್ ಹೂ ಹೆಂಗದ್ರಿ? ಆಡು ಕಳಿಸ್ಲೇನು?" ಎಂದು ವಿಚಾರಿಸತೊಡಗಿದರು. ನನ್ನ ಗಂಡನಂತೂ ಗಡುವನ್ನೇ ಕೊಟ್ಟರು. "ಸೋಮವಾರ ಕೆಲಸದವರು ಬರ್ತಾರ. ಅಷ್ಟರಾಗ ಇದರ ಹೆಸರು ಪತ್ತೆ ಹಚ್ಚಿದ್ರ ಬಿಡ್ತೀನಿ. ಇಲ್ಲಂದ್ರ ಮ್ಯಾಲೆ ಪರಸಿ."

ಗುರುತಿಸಬಲ್ಲವರು ನನಗೆ ಗೊತ್ತಿದ್ದಂತೆ ಒಬ್ಬರೇ: ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದ ಸುಶೀಲಾಬಾಯಿ ಮೇಡಂ. ಅವರು ಸೇಡಂನಲ್ಲಿದ್ದಾರೆಂದು ತಿಳಿದಿದ್ದರೂ ಒಮ್ಮೆಯೂ ಹೋಗಿರಲಿಲ್ಲ. ಕಾರಣ ನಾಚಿಕೆ. ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಒಪ್ಪಿಸಬೇಕಿದ್ದ ವರ್ಷ, ನನ್ನದೊಂದು ಗಿಡದ ಹೂವು ಉದುರಿಹೋಗಿತ್ತು. ಆ ಜಾಗಕ್ಕೆ ಇನ್ಯಾವುದೋ ಗಿಡದ ಹೂವನ್ನು ಗೋಂದು ಹಚ್ಚಿ ಕೂರಿಸಿ, ಪೂರ್ತಿ ಅಂಕ ಗಿಟ್ಟಿಸಿದ್ದೆ. ಮುಂದೆ ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬಾರದೆಂದು ಬೋಧಿಸಿದವಳು ನಾನೇ.

ಶನಿವಾರ ಒಂದು ಗಿಡವನ್ನು ಬೇರುಸಹಿತ ಡಬ್ಬಿಯಲ್ಲಿಟ್ಟುಕೊಂಡು ಸೇಡಂ ಬಸ್ಸು ಹತ್ತಿದೆ. ಕಿಟಕಿಯ ಬಿಸಿಲಿಗೆ ಒಣ ಕಾಯೊಂದು ಫಟ್ಟನೆ ಒಡೆದು, ಪಕ್ಕದ ಯಜಮಾನರ ಬಿಳಿ ಅಂಗಿಯ ಮೇಲೆ ಬೀಜ ಸಿಡಿಯಿತು. ಅವರು ಅಂಗಿ ಕೊಡವುತ್ತ, "ಏನ್ ತಂದೀರಿ ಅಕ್ಕಾರ, ಪಟಾಕಿ ಏನು?" ಎಂದರು.

ಮೇಡಂಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ನನ್ನ ಹೆಸರು ಹೇಳಿದೊಡನೆ ಗುರುತು ಹಿಡಿದು ಕೈ ಚಾಚಿದರು. ಗಿಡವನ್ನು ಬೆರಳಲ್ಲೇ ಬುಡದಿಂದ ತುದಿಯವರೆಗೆ ಸವರಿದರು.

"ದೊಡ್ಡ ಎಸಳು ಒಂದೇ, ಉಳಿದ ನಾಕೂ ಸಣ್ಣವ. ಹೌದಿಲ್ಲೋ? ಕಾಯಿ ಮೂರು ಹೋಳಾಗ್ತದೇನು?"

"ಹೌದ್ರಿ ಮೇಡಂ. ಬಸ್ಸಿನಾಗ ಒಡದು ಮಂದಿ ಮೈಮ್ಯಾಲೆ ಹಾರಿತ್ರಿ."

"ಪುರುಷರತ್ನ!" ಎಂದರು, ಹಳೆಯ ಗೆಳತಿ ಮನೆಗೆ ಬಂದಷ್ಟು ಖುಷಿಯಿಂದ. "ವಯೋಲೆಟ್ ಮನೆತನದ್ದೇ. ಆದ್ರ ಹೊರಗಿಂದಲ್ಲ, ನಮ್ಮ ನೆಲದ್ದು. ನೀವು ಮನಿ ಕಟ್ಟೋಕಿಂತ ಮೊದಲೇ ಅಲ್ಲಿ ಇದ್ದದ್ದು."

ಆ ಖುಷಿಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಗೋಂದಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಮೇಡಂ ಅವರ ಭುಜ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯ ನಮ್ಮವ್ವ! ಆ ಹಾಳಿ ನಾ ರಿಟೈರ್ ಆಗೋ ತನಕ ಗಾಜಿನ ಕಪಾಟಿನ್ಯಾಗ ಇಟ್ಟಿದ್ದೆ. ಅದ್ಯಾವ ಗಿಡ ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಕೇಳಿದವರಿಗೆ ಗೊತ್ತಿಲ್ಲ ಅನ್ಲಿಕ್ಕೆ ನಾಚಿಕಿ ನೋಡು, ಭಾಳ ಅಪರೂಪದ್ದು ಅಂತ ಹೇಳಿ ದಾಟಿಸಿಬಿಡ್ತಿದ್ದೆ!"

ಇಬ್ಬರೂ ನಕ್ಕು ಸುಸ್ತಾದೆವು. ಅವರ ಸೊಸೆ ಏನಾಯಿತೆಂದು ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಓಡಿಬಂದರು.

ಮನೆಗೆ ಬಂದು ಹೆಸರು ಹೇಳಿದಾಗ ನನ್ನ ಗಂಡ ಎದ್ದು ನಿಂತು ಅಂಗಿಯ ಕಾಲರು ಸರಿಮಾಡಿಕೊಂಡರು. "ಪುರುಷರತ್ನ? ಹಂಗಾರ ನನ್ನ ಹೆಸರಿಂದೇ ಅದ. ಅದನ್ನ ಹೆಂಗ ಕೀಳ್ಸಲಿ?" ಸೋಮವಾರ ಕೆಲಸದವರು ಸುತ್ತಲೂ ಪರಸಿ ಹಾಸಿ, ನಡುವೆ ಮಂಚದಷ್ಟು ನೆಲವನ್ನು ಹಾಗೇ ಬಿಟ್ಟು ಹೋದರು.

ಇಂದು ಹೊಸ್ತಿಲ ಬಳಿ ಇದನ್ನೆಲ್ಲ ನೆನೆಯುತ್ತ ಕುಳಿತಿದ್ದಾಗ ನನ್ನ ಗಂಡ ಹೊರಗಿನಿಂದ ಕೂಗಿದರು. "ಏ, ಇಲ್ಲಿ ಬಾ. ಪರಸಿ ಸಂದ್ಯಾಗ ಇನ್ನೇನೋ ಹುಟ್ಟ್ಯಾದ. ಏನದು?"

ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತೆ. ಮೂರೇ ಎಲೆ, ತುದಿ ಕೆಂಪು.

"ನಂಗೊತ್ತಿಲ್ರಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮದುವೆಯಾದಂದಿನಿಂದ ನನ್ನ ಬಾಯಲ್ಲಿ ಈ ಮಾತು ಕೇಳಿದ್ದು ಇದೇ ಮೊದಲಿರಬೇಕು. ಆಮೇಲೆ ಕನ್ನಡಕ ಏರಿಸಿ, ಆ ಮೂರೆಲೆಯ ಸುತ್ತ ಬೆರಳಿಂದ ಕಸ ಸರಿಸುತ್ತ ಹೇಳಿದರು: "ಇರ್ಲಿ ಬಿಡು. ಹೂ ಬಿಡೋ ತನಕ ಕಾಯೋಣು."