ಮೈನು ಕಾಕಾರ ಎಡಗಾಲು

ಪಂಕ್ತಿಯಲ್ಲಿ ಮೈನು ಕಾಕಾ ಕುಳಿತಿದ್ದಾರೆಂದರೆ ಬಡಿಸುವವರು ದಾರಿ ಬದಲಿಸಬೇಕಾಗುತ್ತಿತ್ತು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕುಳಿತ ಸಾಲಿನಲ್ಲಿ ಅವರ ಎಡಗಾಲು ಮಾತ್ರ ಎಲೆಯ ಪಕ್ಕದಿಂದ ನೆಟ್ಟಗೆ, ರೈಲ್ವೆ ಗೇಟಿನ ಕಂಬದಂತೆ ಚಾಚಿಕೊಂಡಿರುತ್ತಿತ್ತು. ಆ ಕಾಲು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ಸಾರಿನ ಬಕೆಟ್ ಹಿಡಿದವನು ಅರೆಕ್ಷಣ ತಡವರಿಸಿದರೆ ಕಾಕಾ ತಲೆ ಎತ್ತದೆಯೇ ಹೇಳುತ್ತಿದ್ದರು: “ಬಾಜೂಕಿಂದ ಬಾರಪಾ. ಇದು ಇನ್ನೂ ಡಿಫೆಂಡರಗೋಳ್ನ ಕೆಡವತೈತಿ.” ಸಾಲು ನಗುತ್ತಿತ್ತು. ನಾನೂ ನಗುತ್ತಿದ್ದೆ. ಆ ನಗುವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಸುತ್ತಲಿನ ಊರುಗಳು ಕುಸ್ತಿಯನ್ನೋ ಕಬಡ್ಡಿಯನ್ನೋ ಹಚ್ಚಿಕೊಂಡಾಗ ನಮ್ಮ ಅಳ್ನಾವರ ಫುಟ್‌ಬಾಲನ್ನು ಹಚ್ಚಿಕೊಂಡಿತು. ಗೋವೆಯ ಕಡೆ ಹೋಗಿಬರುವ ರೈಲಿನೊಂದಿಗೆ ಆ ಆಟವೂ ಇಳಿಯಿತೆಂದು ಹಿರಿಯರು ಹೇಳುತ್ತಾರೆ. ಸ್ಟೇಷನ್ನಿನ ಹಿಂದಿನ ಮೈದಾನದಲ್ಲಿ ಎಡಪಕ್ಕದಿಂದ ನುಗ್ಗುತ್ತಿದ್ದ ಮೈನುದ್ದೀನ್, ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನದ ಹುಡುಗ. ಅವರ ಆಟವನ್ನು ನಾನು ನೋಡಿಲ್ಲ. ನಾನು ಹುಟ್ಟುವ ಹೊತ್ತಿಗೆ ಅದು ಮುಗಿದೇ ಹೋಗಿತ್ತು. ನಾನು ನೋಡಿದ್ದು ಅಪ್ಪನ ಕಿರಾಣಿ ಅಂಗಡಿಯ ಹಲಗೆಯ ಮೇಲಿನ ಆಟವನ್ನು. ಗಿರಾಕಿಗಳಿಲ್ಲದ ಮಧ್ಯಾಹ್ನ ಅಪ್ಪ ನಾಲ್ಕು ಕಡ್ಡಿಪೆಟ್ಟಿಗೆಗಳನ್ನು ಎದುರಾಳಿಗಳಂತೆ ನಿಲ್ಲಿಸಿ, ಒಂದು ಅಡಿಕೆಯನ್ನು ಚೆಂಡು ಮಾಡಿ ತೋರಿಸುತ್ತಿದ್ದರು. ಮೈನು ಗಾಳಿಯಂತೆ ಓಡುತ್ತಿದ್ದರಂತೆ. ಓಡುತ್ತ ಓಡುತ್ತಲೇ ಎಡಗಾಲನ್ನು ನೆಲಕ್ಕೆ ನೆಟ್ಟು ನಿಂತುಬಿಡುತ್ತಿದ್ದರಂತೆ. ಜೊತೆಗೆ ಓಡಿದವನು ನಿಲ್ಲಲಾರದೆ ಮುಂದೆ ಹೋಗಿ ಬೀಳುತ್ತಿದ್ದ. ಅಪ್ಪ ಕಡ್ಡಿಪೆಟ್ಟಿಗೆಯನ್ನು ಹಲಗೆಯಿಂದ ಕೆಳಗೆ ಉರುಳಿಸುತ್ತಿದ್ದರು. ಆಮೇಲೆ ಉಳಿದವರು ಇಬ್ಬರೇ, ಮೈನು ಮತ್ತು ಗೋಲು ಕಾಯುವವನು.

ಅಂಗಡಿಯಲ್ಲಿ ಕೂಡುತ್ತಿದ್ದ ಹಳೆಯ ಅಭಿಮಾನಿಗಳ ಮಾತು ಪ್ರತಿಸಲವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಅವರ ಮುಂದಾಳು, ಕಾಳಿನ ವ್ಯಾಪಾರದ ಈರಪ್ಪ ಕಾಕಾ, ನಿಟ್ಟುಸಿರು ಬಿಡುತ್ತಿದ್ದರು: “ಅಗದಿ ದೇವರು ಕೊಟ್ಟ ಆಟ. ಆದ್ರ ಕಾಲು ಕಾಜಿಂದು. ನಸೀಬ ಇರಲಿಲ್ಲ ಅಂವಗ.” ಮೊದಲು ಹಿಮ್ಮಡಿಯ ಕೀಲು, ಮರುವರ್ಷ ತೊಡೆ, ಕೊನೆಗೆ ಮೊಣಕಾಲು. ಎಲ್ಲವೂ ನಸೀಬಿನ ತಲೆಗೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಗಾಜು ಒಮ್ಮೆ ಒಡೆದರೆ ಅದನ್ನು ಯಾರೂ ಮತ್ತೆ ಆಟಕ್ಕೆ ಕರೆಯುವುದಿಲ್ಲ. ಮೈನು ಕಾಕಾರ ಕಾಲನ್ನು ಕರೆದರು. ಬಾವು ಇಳಿಯುವ ಮೊದಲೇ, ಪಟ್ಟಿ ಬಿಚ್ಚುವ ಮೊದಲೇ ಕರೆದರು. ಇದನ್ನು ನನಗೆ ಹೇಳಿದ್ದು ಕಾಕಾರೇ.

ನಾನು ಧಾರವಾಡಕ್ಕೆ, ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಹೊರಡುವ ಮುನ್ನ ಅವರು ನಮ್ಮ ಅಂಗಳದಲ್ಲಿ ನನಗೊಂದು ಗಾದಿ ಹೊಲಿದುಕೊಟ್ಟರು. ಬಟ್ಟೆಯ ಮೇಲೆ ಎಡಗಾಲು ಚಾಚಿ ಕುಳಿತು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದರು. “ಈ ಕಾಲಿಂದ ಎರಡು ಅಳತಿ ಹಾಕಿದ್ರ ನಿನ್ನ ಗಾದಿ ಆತು ನೋಡವಾ. ಟೇಪು ಎಲ್ಲೆರ ಕಳೀತೈತಿ, ಇದು ಎಲ್ಲಿ ಹೊಕ್ಕೈತಿ?”

ನಾನು ಸುಮ್ಮನಿರದೆ ಕೇಳಿದೆ. “ಕಾಕಾ, ಕಾಲು ಬಾತಾಗ ಆಡೂದಿಲ್ಲ ಅನ್ನಬೇಕಿತ್ತಲ್ರಿ.”

“ಅಂದೆನಲ್ಲ. ಅಂದಾಗೆಲ್ಲಾ ಬಂದು ಅಂಗಳದಾಗ ಕೂಡೋರು. ನಮ್ಮವ್ವ ಚಾ ತಂದಿಟ್ರ ಮುಟ್ಟತಿರಲಿಲ್ಲ. ಮೈನು ಹೊರಗ ಬರೂತನಕ ನಮಗ ಚಾ ಬ್ಯಾಡ್ರಿ ಅನ್ನೋರು. ಮನೀಗೆ ಬಂದ ಮಂದಿ ಚಾ ಕುಡೀಲಿಲ್ಲಂದ್ರ ನಮ್ಮವ್ವಗ ಹೆಂಗಾಗಬೇಕು? ಕಪ್ಪು ಆರೂದು, ಆಕಿ ಮತ್ತ ಕಾಸಿ ತರಾಕಿ. ಕಡೀಕ ನಾನ ಏಳತಿದ್ದೆ. ಹತ್ತ ಮಿನಿಟು ಆಡ್ತೇನಿ, ಮೊದಲ ಚಾ ಕುಡೀರಲೇ ಅಂತಿದ್ದೆ.”

“ಯಾರ್ಯಾರು ಕೂಡತಿದ್ರು?”

ಕಾಕಾ ದಾರವನ್ನು ಹಲ್ಲಿನಿಂದ ಕಡಿದರು. “ಪ್ರೀತಿ ಇದ್ದೋರು. ಹೆಸರ ಕೇಳಬ್ಯಾಡ. ಈ ಗಾದಿ ಮ್ಯಾಲೆ ಚೊಲೊತ್ನಂಗ ನಿದ್ದಿ ಮಾಡು.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಅಷ್ಟು ಹೊತ್ತಿಗೆ ಒಳಗೆ ಹೋಗಿದ್ದರು. ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಕಾಕಾರನ್ನು ನಾನು ಕೊನೆಯ ಸಲ ನೋಡಿದ್ದು ಆ ದಿನವೇ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ನನಗೆ ಪರೀಕ್ಷೆ ನಡೆದಿತ್ತು. ಅವರ ಮಣ್ಣಿಗೆ ಹೋಗಲಾಗಲಿಲ್ಲ. ಅವರೇ ಹೊಲಿದ ಗಾದಿಯ ಮೇಲೆ ಕುಳಿತು ಸುದ್ದಿ ಕೇಳಿದೆ.

ಊರಿಗೆ ಬಂದಾಗ ಅಭಿಮಾನಿಗಳು ಮೈದಾನದ ಬಾಯಿಗೆ ಅವರ ಹೆಸರಿನ ಕಲ್ಲು ನಿಲ್ಲಿಸಲು ಹೊರಟಿದ್ದರು. ಅಂಗಡಿಯಲ್ಲಿ ಅಪ್ಪನೂ ಸೇರಿ ಹತ್ತು ಜನರಿದ್ದರು. ಈರಪ್ಪ ಕಾಕಾ ನನ್ನ ಕೈಗೆ ಹಾಳೆ ಕೊಟ್ಟರು: “ನೀ ಕಲತಾಕಿ. ಒಂದ ಸಲ ಓದಿ ಚಂದ ಮಾಡಿಕೊಡು ತಂಗಿ.” ಹಾಳೆಯಲ್ಲಿ ಹೀಗಿತ್ತು: ದುರದೃಷ್ಟದಿಂದ ಗಾಯಗಳಿಗೆ ಬಲಿಯಾದ ಮಹಾನ್ ಆಟಗಾರ. ಅವರೆಲ್ಲರ ಎದುರಿಗೇ ನಾನು ಮೊದಲ ಪದಕ್ಕೆ ಗೀಟು ಎಳೆದೆ.

“ಅದನ್ಯಾಕ ಹೊಡದಿ?”

“ದುರದೃಷ್ಟ ಬಂದು ಅಂಗಳದಾಗ ಕೂಡೂದಿಲ್ರಿ ಕಾಕಾ. ಮಂದಿ ಕೂತಿದ್ರು.”

“ನೀ ಅವಾಗ ಹುಟ್ಟಿದ್ದಿಲ್ಲ.”

“ಅದಕ್ಕ ಕೇಳಾಕತ್ತೇನ್ರಿ. ಹುಟ್ಟಿದ್ದೋರು ಹೇಳ್ರಿ.”

ಈರಪ್ಪ ಕಾಕಾರ ಮುಖ ಕೆಂಪಾಯಿತು. “ಹಿರ್ಯಾರನ್ನ ಕಟಕಟಿಗೆ ನಿಲ್ಲಸೂದನ್ನ ಕಲಿಸಿ ಕಳಿಸ್ಯಾರೇನು ಧಾರವಾಡದಾಗ? ಅಂವನ್ನ ಹೆಗಲ ಮ್ಯಾಲೆ ಹೊತ್ತ ಮಂದಿ ನಾವು. ಗೊತ್ತೈತೇನು ನಿನಗ?”

“ಹೊತ್ತೇವಿ,” ಎಂದರು ಅಪ್ಪ, ತಕ್ಕಡಿಯ ಹಿಂದಿನಿಂದ. “ಅದನ್ನ ಹೇಳೂಣು, ಈರಪ್ಪ.”

ಅಪ್ಪ ಕಡ್ಡಿಪೆಟ್ಟಿಗೆಗಳನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಹಲಗೆಯ ಮೇಲಿಟ್ಟು ನನ್ನನ್ನಲ್ಲ, ಆ ಕೈಗಳನ್ನೇ ನೋಡುತ್ತ ಹೇಳಿದರು:

“ಕಡೀ ಮ್ಯಾಚಿನ ದಿನ ಅಂವನ ಮೊಣಕಾಲು ಗಡಿಗಿಯಂಗ ಬಾತಿತ್ತು. ನಾವು ಮುಂಜಾನಿಂದ ಅಂಗಳದಾಗ ಕುಂತ್ವಿ. ಕಾಲು ದಣೀಬಾರ್ದು ಅಂತ ಹೆಗಲ ಮ್ಯಾಲೆ ಹೊತ್ತು ಮೈದಾನಕ್ಕ ಒಯ್ದ್ವಿ. ಕಡೀ ಹತ್ತ ಮಿನಿಟು ಇಳಿದ. ಕಾಲ ನೆಟ್ಟ, ಎದರಿನಂವ ಮುಂದ ಹೋದ, ಗೋಲ ಆತು. ಅಲ್ಲೇ ಬಿದ್ದ. ನಾವು ಖುಷೀಲೆ ಬಿದ್ದಾನ ಅಂದಕೊಂಡ್ವಿ. ಎತ್ತಿ ಹೆಗಲಿಗೆ ಹಾಕ್ಕೊಂಡು ಬಜಾರೆಲ್ಲಾ ಮೆರವಣಿಗಿ ಮಾಡಿದ್ವಿ. ಅಂವ ಚೀರತಿದ್ದ. ಗೆದ್ದಿದ್ದಕ್ಕ ಚೀರಾಕತ್ತಾನಂತ ನಾವೂ ಚೀರಿದ್ವಿ. ಎಡಗಾಲು ನಾ ಹಿಡದಿದ್ದೆ. ಮೊಣಕಾಲ ಕೆಳಗ ಅದು ನನ್ನ ಕೈಯಾಗ ಬ್ಯಾರೆನ ತಿರುಗತಿತ್ತು. ನಾ ಕುಣ್ಯಾಕತ್ತಿದ್ದೆ. ಮನಿ ಮುಂದ ಬಂದಾಗ ಅಂವನ ಅವ್ವ ಮಾರಿ ನೋಡಿದ್ಲು. ಇಳಸ್ರೋ, ನನ್ನ ಮಗ ಅಳಾಕತ್ತಾನ ಅಂದ್ಲು.”

ನಾನು ದೋಷಿಗಳನ್ನು ಹುಡುಕುತ್ತ ಬಂದಿದ್ದೆ. ಅವರಲ್ಲೊಬ್ಬರು ನನಗೆ ಅನ್ನ ಹಾಕಿದವರು. ಇಲ್ಲಿ ನಿಲ್ಲಿಸಿಬಿಡೋಣ, ಗೀಟು ಹೊಡೆದ ಪದವನ್ನು ಮತ್ತೆ ಬರೆದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಅಪ್ಪನ ಸಲುವಾಗಿ ಕೈಬಿಡುವ ಪ್ರಶ್ನೆಯನ್ನು ಈರಪ್ಪ ಕಾಕಾರಿಗೆ ಕೇಳುವ ಹಕ್ಕು ನನಗೆ ಎಲ್ಲಿಂದ ಬರಬೇಕು? ಹಾಳೆಯನ್ನು ತಿರುವಿ ಅಪ್ಪನ ಎದುರಿಗೇ ಬರೆದೆ: ಇವರಂತೆ ಆಡಿದವರನ್ನು ಈ ಊರು ಕಂಡಿಲ್ಲ. ಕಾಲು ಬಾತಾಗಲೂ ಇವರನ್ನು ಆಡಿಸಿದವರು ನಾವು.

“ನಾವು ಅಂದ್ರ ಯಾರು?” ಎಂದರು ಈರಪ್ಪ ಕಾಕಾ. “ಕೆಳಗ ಯಾರ ಹೆಸರು ಹಾಕ್ತಿ?”

“ಮೊದಲ ನಂದು ಬರಿ,” ಎಂದರು ಅಪ್ಪ.

ಆಮೇಲೆ ಇನ್ನೂ ನಾಲ್ವರು ತಮ್ಮ ಹೆಸರು ಬರೆಯಲು ಹೇಳಿದರು. ಉಳಿದವರು ಚಪ್ಪಲಿ ಹುಡುಕಿಕೊಂಡರು. ಈರಪ್ಪ ಕಾಕಾ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದರು. ಅಪ್ಪ ತರಿಸಿದ್ದ ಚಹಾವನ್ನು ಅವರು ಮುಟ್ಟಲಿಲ್ಲ.

ಕಲ್ಲು ಈಗ ಸ್ಟೇಷನ್ನಿನ ಹಿಂದೆ, ಮೈದಾನಕ್ಕೆ ಹೋಗುವ ಕಾಲುದಾರಿಯ ನಟ್ಟನಡುವೆ ನಿಂತಿದೆ. ಬದಿಗೆ ಸರಿಸಿ ನಿಲ್ಲಿಸಿ ಎಂದು ಹೇಳಿದವರಿದ್ದರು. ನಾನು ಒಪ್ಪಲಿಲ್ಲ. ಐದು ಹೆಸರುಗಳ ಕೆಳಗೆ ಇನ್ನೈದು ಹೆಸರುಗಳಿಗಾಗುವಷ್ಟು ಜಾಗವನ್ನು ಖಾಲಿ ಬಿಡಿಸಿದ್ದೇನೆ. ಈರಪ್ಪ ಕಾಕಾ ಪ್ರತಿ ಸಂಜೆ ಅದೇ ದಾರಿಯಲ್ಲಿ ಅಡ್ಡಾಡುತ್ತಾರೆ. ಕಲ್ಲಿನ ಎದುರು ಬಂದಾಗ ಅರೆಕ್ಷಣ ತಡವರಿಸಿ, ಪಂಕ್ತಿಯಲ್ಲಿ ಚಾಚಿದ ಕಾಲನ್ನು ಕಂಡವರಂತೆ, ಬಾಜೂಕಿನಿಂದ ಹೋಗುತ್ತಾರೆ.