ಬೆಲ್ ಹೊಡೆದರೆ ನಮ್ಮ ಕಣಕ್ಕೆ

ಕಳೆದ ವಾರ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಫೈರ್ ಡ್ರಿಲ್ ಇತ್ತು. ಸೈರನ್ ಕೂಗಿದ ಮೇಲೂ ಅರ್ಧ ಜನ ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದವರು ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲಿಳಿದರು. ಗೇಟಿನ ಪಕ್ಕದ ಹುಲ್ಲುಹಾಸಿನಲ್ಲಿ, 'ಇಲ್ಲಿ ಸೇರಿ' ಎಂಬ ಹಸಿರು ಬೋರ್ಡಿನ ಕೆಳಗೆ, ಮದುವೆ ಮನೆಗೆ ಬಂದವರ ಹಾಗೆ ಹರಟುತ್ತಾ ನಿಂತೆವು. ಅವತ್ತು ಬೆಳಿಗ್ಗೆ ತೋಟದವರು ಹುಲ್ಲಿಗೆ ಸಗಣಿ ಗೊಬ್ಬರ ಚೆಲ್ಲಿ ನೀರು ಬಿಟ್ಟಿದ್ದರು. ಬಿಸಿಲೇರಿದಂತೆ ಅದರ ವಾಸನೆ ಮೇಲೆದ್ದಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಥೂ, ಇಲ್ಲೇ ನಿಲ್ಲಿಸ್ಬೇಕಿತ್ತಾ ಅಕ್ಕಾ?" ಎಂದಳು. ನನಗೋ ಮೂಗರಳಿಸಿ ಇನ್ನಷ್ಟು ಎಳೆದುಕೊಳ್ಳಬೇಕೆನ್ನಿಸಿತು. ಸಗಣಿ ಬಗ್ಗಡ ಬಳಿದ ನೆಲ, ಅದರ ಮೇಲೆ ಎಳೆ ಬಿಸಿಲು, ಅಲ್ಲಿ ಸಾಲಾಗಿ ನಿಂತ ಮಕ್ಕಳು. ನನ್ನ ಬಾಲ್ಯದ ವಾಸನೆಯೇ ಅದು. ನೀವೂ ನಗರದ ಅಂಚಿನ ಯಾವುದಾದರೂ ಹಳ್ಳಿಯಲ್ಲಿ ಬೆಳೆದು, ಊರಿನ ಹೆಸರು ಬಸ್ ಸ್ಟಾಪಿನ ಹೆಸರಾಗಿ ಮಾತ್ರ ಉಳಿದದ್ದನ್ನು ಕಂಡವರಾದರೆ, ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ.

ನಮ್ಮೂರು ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೆ, ಸರ್ಜಾಪುರಕ್ಕೆ ಹೋಗುವ ಕಡೆ. ಹಂಚಿನ ಮನೆ, ಮನೆಯ ಮುಂದೆ ರಾಗಿ ಬಡಿಯುವ ಅಗಲವಾದ ಕಣ, ಕಣದ ಮೂಲೆಯಲ್ಲಿ ಒಂದು ಸೀಮೆಹಸು. ಈಗ ಮನೆಯೂ ಇಲ್ಲ, ಕಣವೂ ಇಲ್ಲ, ಅಲ್ಲಿ ನಾಲ್ಕು ಅಂತಸ್ತು ಎದ್ದು ನಿಂತಿವೆ. ನಾನು ಹುಟ್ಟುವ ಮೊದಲೇ ಹೊಲಗಳು ಕೈಬಿಟ್ಟಿದ್ದವು. ಬಡಿಯುವುದಕ್ಕೆ ಒಂದು ತೆನೆ ರಾಗಿಯಿರಲಿಲ್ಲ. ಆದರೂ ನನ್ನ ಅಜ್ಜಿ ಪಿಳ್ಳಮ್ಮ, ಅಪ್ಪನ ತಾಯಿ, ವಾರಕ್ಕೊಮ್ಮೆ ಸೆರಗು ಸಿಕ್ಕಿಸಿ ಇಡೀ ಕಣಕ್ಕೆ ಸಗಣಿ ಬಗ್ಗಡ ಬಳಿಯುತ್ತಿದ್ದಳು. "ಹೊಲಾನೇ ಇಲ್ಲ, ಕಣ ಯಾಕವ್ವ?" ಎಂದು ಅಪ್ಪ ರೇಗಿಸಿದರೆ, "ಅನ್ನ ಬಿದ್ದಿದ್ ಜಾಗ ಕಣ್ಲಾ ಇದು. ಹೊಲ ಓಯ್ತು ಅಂತ ಇದನ್ನ ಪಾಳು ಬಿಡಕ್ಕಾಯ್ತದಾ?" ಎನ್ನುತ್ತಿದ್ದಳು. ಆ ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವ ಹಾಗಿರಲಿಲ್ಲ. ಕರೆಂಟ್ ಬಿಲ್ ಕೊಡಲು ಬಂದವನೂ ಗೇಟಿನಾಚೆ ಬೂಟು ಬಿಚ್ಚಿಯೇ ಬರಬೇಕು. ಮರೆತರೆ ಅಜ್ಜಿಯ ಬಾಯಿಂದ ಅವನ ಏಳು ತಲೆಮಾರಿಗೂ ಸಹಸ್ರನಾಮಾರ್ಚನೆ ಆಗುತ್ತಿತ್ತು.

ನಮ್ಮ ಮನೆಯೆದುರಿನ ಓಣಿಯ ಆಚೆಗೆ ನಾನು ಓದುತ್ತಿದ್ದ ಶಾಲೆ. ಮೂರು ಅಂತಸ್ತಿನ ಕಟ್ಟಡ, ಇಂಗ್ಲಿಷ್ ಮೀಡಿಯಂ ಎಂಬ ದೊಡ್ಡ ಅಕ್ಷರ, ಆಟಕ್ಕೆ ಅಂಗೈಯಗಲ ಜಾಗವಿಲ್ಲ. ನಮ್ಮೂರ ಮಕ್ಕಳ ಜೊತೆಗೆ ಗಾರ್ಮೆಂಟ್ಸಿಗೆ ಹೋಗುವವರ, ಸೆಂಟ್ರಿಂಗ್ ಕೆಲಸದವರ, ಸೆಕ್ಯೂರಿಟಿ ಗಾರ್ಡುಗಳ ಮಕ್ಕಳೆಲ್ಲ ಅಲ್ಲಿಗೇ ಬರುತ್ತಿದ್ದರು. ಬೆಂಕಿಯೋ ಭೂಕಂಪವೋ ಆದರೆ ಮಕ್ಕಳನ್ನು ಹೇಗೆ ಹೊರಗೆ ತರಬೇಕೆಂದು ಯೋಜನೆ ಮಾಡಿ ಅಭ್ಯಾಸ ಮಾಡಿಸಬೇಕು ಎಂಬ ಆದೇಶ ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಬಂತು. ಅದರ ಹೊಣೆ ಪೀಟಿ ಮೇಷ್ಟ್ರು ಸಿದ್ದಪ್ಪನವರ ತಲೆಗೆ ಬಿತ್ತು. ಬಾಗಲಕೋಟೆ ಕಡೆಯವರು, ದಪ್ಪ ಮೀಸೆ, ಕೊರಳಲ್ಲಿ ಸದಾ ಒಂದು ಸೀಟಿ. ಅವರು ಮೆಟ್ಟಿಲು, ಬಾಗಿಲು, ಯಾವ ಕ್ಲಾಸು ಮೊದಲು, ಯಾವುದು ಆಮೇಲೆ ಎಲ್ಲವನ್ನೂ ಗೊತ್ತುಮಾಡಿದರು. ಒಂದೇ ಬಾಕಿ: ಹೊರಗೆ ಬಂದ ಮಕ್ಕಳು ನಿಲ್ಲುವುದೆಲ್ಲಿ? ಹೆಡ್ ಮೇಡಂ ಜೊತೆಯಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದರು.

"ಅಜ್ಜಿ, ನಮ್ಮ ಸಾಲ್ಯಾಗ ಬೆಂಕಿ-ಗಿಂಕಿ ಬಿದ್ರ..." ಎಂದು ಮೇಷ್ಟ್ರು ಶುರುಮಾಡುತ್ತಿದ್ದಂತೆ ಅಜ್ಜಿ, "ಬಿಡ್ತು ಅನ್ರೀ! ಮುಸ್ಸಂಜೇಲಿ ಏನ್ ಮಾತು ಅಂತ ಆಡ್ತೀರಾ ಮೇಷ್ಟ್ರೇ?" ಎಂದು ಗದರಿದಳು. ಮೇಷ್ಟ್ರು "ಬಿಡ್ತು" ಅಂದು, ಮೀಸೆಯೊಳಗೇ ನಕ್ಕು ಮುಂದುವರಿಸಿದರು: "ಓಣ್ಯಾಗ ನಿಂದ್ರಸಿದ್ರ ನೀರಿನ ಟ್ಯಾಂಕರ್ ಹಾಯ್ತಾವ್ರಿ. ನಿಮ್ಮ ಕಣಾ ಒಂದ ಬಯಲು ಅದ ಈ ಸುತ್ತಿನ್ಯಾಗ." ಅಜ್ಜಿ ಕಣದ ಕಡೆ ನೋಡಿದಳು, ಶಾಲೆಯ ಕಡೆ ನೋಡಿದಳು, ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ಒಮ್ಮೆ ನೋಡಿದಳು. "ಬೆಲ್ ಹೊಡುದ್ರೆ ಮಕ್ಳು ನಮ್ ಕಣಕ್ಕೆ ಬಂದ್ಬಿಡ್ಲಿ. ಇದು ನನ್ ಮಾತು. ಆಮೇಕೆ ಯಾರೂ ಏನೂ ಕೇಳ್ಬೇಡಿ" ಎಂದಳು. ಹೆಡ್ ಮೇಡಂ ಕೈಮುಗಿದರು, ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು.

ಮೊದಲ ಡ್ರಿಲ್ಲಿನ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಲ್ಲು ಬಿಡದೆ ಬಾರಿಸಿತು. ಕ್ಲಾಸು ಕ್ಲಾಸಾಗಿ, ಚೀಲ ಮುಟ್ಟದೆ, ಮಾತಾಡದೆ, ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದೆವು. ಅಲ್ಲಿಯವರೆಗೆ ಬಂಗಾರದಂಥ ಮಕ್ಕಳು. ಓಣಿ ದಾಟಿ ನಮ್ಮ ಗೇಟಿಗೆ ಬಂದದ್ದೇ ತಡ, ಮುಂದಿದ್ದ ನಮ್ಮೂರ ಮಕ್ಕಳೆಲ್ಲ ಗಕ್ಕನೆ ನಿಂತು, ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಪಿಳ್ಳಮ್ಮನ ಕಣಕ್ಕೆ ಬೂಟು ಹಾಕಿಕೊಂಡು ಹೋಗುವ ಧೈರ್ಯ ಯಾರಿಗಿತ್ತು? ಅವರನ್ನು ನೋಡಿ ಹಿಂದಿನವರೂ ಬಗ್ಗಿದರು. ಗಂಟು ಬಿದ್ದ ಲೇಸು, ಒಂಟಿ ಕಾಲಲ್ಲಿ ಕುಣಿಯುವವರು, ಸಾಕ್ಸು ಎಳೆಯಲು ಅಕ್ಕನನ್ನು ಕೂಗುವ ಪುಟಾಣಿಗಳು. ಸಾಲು ಓಣಿಯುದ್ದಕ್ಕೂ ನಿಂತು, ಅದರ ಹಿಂದೆ ಒಂದು ಟ್ಯಾಂಕರು ಹಾರ್ನ್ ಹೊಡೆಯತೊಡಗಿತು. ಸಿದ್ದಪ್ಪ ಮೇಷ್ಟ್ರು ಸೀಟಿ ಊದೀ ಊದೀ ಸುಸ್ತಾಗಿ, "ಲೇ, ಬೆನ್ನಿಗೆ ಬೆಂಕಿ ಹತ್ತಿದ್ರೂ ಬೂಟ್ ಬಿಚ್ಚಕೊಂತ ನಿಲ್ತೀರೇನ್ಲೇ?" ಎಂದು ಅಳುವುದೊಂದು ಬಾಕಿ. ಗೇಟಿನ ಒಳಗೆ ಅಜ್ಜಿ, ಮಕ್ಕಳಿಗೆಷ್ಟು ಮರ್ಯಾದೆ ಗೊತ್ತು ಎಂಬಂತೆ ಹಿಗ್ಗುತ್ತಾ ನಿಂತಿದ್ದಳು. ಮೇಷ್ಟ್ರು ಅವಳ ಹತ್ತಿರ ಬಂದು ಮೆಲ್ಲಗೆ ಏನೋ ಹೇಳಿದರು. ಅವಳ ಮುಖ ಇಳಿದುಹೋಯಿತು.

ಅವತ್ತು ಅವಳು ಸರಿಯಾಗಿ ಉಣ್ಣಲಿಲ್ಲ. ಕಣಕ್ಕೆ ಚಪ್ಪಲಿ ತಾಕಬಾರದೆಂಬುದು ಮದುವೆಯಾಗಿ ಬಂದಂದಿನಿಂದ ಕಾಯ್ದುಕೊಂಡು ಬಂದ ಕಟ್ಟು. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಕಾಯ್ದದ್ದು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟು ಬಾಗಿಲಲ್ಲಿ ಬೂಟನ್ನು ಕೈಲಿ ಹಿಡಿದುಕೊಂಡಾಗ, "ಮಂಜೀ, ಇಲ್ಲೇ ಆಕ್ಕಳೇ" ಎಂದಳು. ನಾನು ತಮಾಷೆಯೆಂದುಕೊಂಡೆ. "ಆಕ್ಕಂಡು ಕಣದ ಮೇಲೇ ನಡಕೊಂಡ್ ಓಗು. ಇಸ್ಕೂಲಲ್ಲಿ ಎಲ್ರುಗೂ ಯೋಳು, ಅಜ್ಜಿ ಬೂಟ್ ಬಿಚ್ಚಬ್ಯಾಡಿ ಅಂದವ್ಳೆ ಅಂತ. ಮಕ್ಳ ಕಾಲ್ಗೆ ಯಾವ ಮೈಲಿಗೆ?" ಎಂದಳು. ನಾನು ಬೂಟು ಕಾಲಲ್ಲಿ ಹಸಿ ಬಗ್ಗಡದ ಮೇಲೆ ನಡೆದೆ. ತಿರುಗಿ ನೋಡಿದರೆ ಅವಳು ಬೇರೆ ಕಡೆ ಮುಖ ಮಾಡಿ ಹಸುವಿನ ಮೈ ತಿಕ್ಕುತ್ತಿದ್ದಳು. ನನಗೆ ಅವಳ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು.

ಆಮೇಲಿಂದ ಡ್ರಿಲ್ಲು ಸರಾಗವಾಯಿತು. ನಾವು ಬಂದು ಸಾಲಾಗಿ ನಿಲ್ಲುವುದು, ಮೇಷ್ಟ್ರು ತಲೆ ಎಣಿಸುವುದು, "ಎಲ್ಲಾರೂ ಬಂದಾರ್ರಿ ಮೇಡಂ" ಎನ್ನುವುದು, ವಾಪಸಾಗುವುದು. ಅಜ್ಜಿ ಹಸುವನ್ನು ಹಿತ್ತಲಲ್ಲಿ ಕಟ್ಟಿ, ಗೇಟನ್ನು ಹಾರುಹೊಡೆದು, ನಿಧಾನ ಬರುವ ದೊಡ್ಡ ಹುಡುಗರಿಗೆ "ಯಾಕ್ರಲಾ, ಮಾವನ ಮನೆಗೆ ಬಂದಂಗೆ ಬತ್ತೀರಾ?" ಎಂದು ಚಾಟಿ ಬೀಸುತ್ತಿದ್ದಳು.

ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಉಳಿದಿದ್ದ ಚಿಕ್ಕಪುಟ್ಟ ಕಣಗಳೂ ಒಂದೊಂದಾಗಿ ಮನೆಗಳಾದವು. ಎಲ್ಲಿ ನೋಡಿದರೂ ಬಾಡಿಗೆ ರೂಮು, ಸಾಲು ಸಾಲು ನೀರಿನ ನೀಲಿ ಡ್ರಮ್ಮು. ಅಪ್ಪನಿಗೂ ಕಟ್ಟುವ ಆಸೆ. ಅವನದೂ ತಪ್ಪಲ್ಲ. ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ಇವತ್ತು ಇದ್ದರೆ ನಾಳೆ ಇಲ್ಲ, ನನ್ನ ಓದು ಬೇರೆ. ಆದರೆ ಅಜ್ಜಿ ಒಂದೇ ಹಟ: "ಇಸ್ಕೂಲ್‌ನೋರಿಗೆ ಮಾತ್ ಕೊಟ್ಟಿವ್ನಿ. ಅವ್ರು ಬ್ಯಾರೆ ಜಾಗ ಮಾಡ್ಕಳಗಂಟ ಇಲ್ಲಿ ಒಂದು ಇಟ್ಗೆ ಇಡಂಗಿಲ್ಲ." ತಿಂಗಳುಗಟ್ಟಲೆ ಜಗಳ ನಡೆಯಿತು. ಕೊನೆಗೆ ಅಪ್ಪನಿಗೇ ಒಂದು ಉಪಾಯ ಹೊಳೆಯಿತು. ಕಂಬ ಎತ್ತಿ ಮೇಲೆ ಮನೆ ಕಟ್ಟುವುದು, ಕೆಳಗೆ ಕಣ ಇದ್ದ ಹಾಗೇ ಇರುವುದು. "ಮಕ್ಳಿಗೆ ನೆರಳೂ ಆಯ್ತು, ನಮಗೆ ಮನೇನೂ ಆಯ್ತು!" ಅಜ್ಜಿಯೂ ಖುಷಿಯಾದಳು, ಅಮ್ಮ ಪಾಯಸ ಮಾಡಿದಳು. ಕಂಬದ ಗುರುತಿಗೆ ಸುಣ್ಣದ ಪುಡಿ ಎಳೆದದ್ದೂ ಆಯಿತು. ಸಿದ್ದಪ್ಪ ಮೇಷ್ಟ್ರನ್ನು ಕರೆದು ಹೆಮ್ಮೆಯಿಂದ ತೋರಿಸಿದರೆ, ಅವರು ಸಂಕೋಚದಿಂದ ಮೀಸೆ ತೀಡಿಕೊಂಡು, "ಅಣ್ಣಾರ, ಒಂದು ಕಟ್ಟಡ ಬೀಳ್ತೈತಂತ ಓಡಿ ಬಂದ ಹುಡುಗ್ರನ್ನ ಇನ್ನೊಂದು ಕಟ್ಟಡದ ಬುಡಕ್ಕ ನಿಂದ್ರಸೂದು ಹ್ಯಾಂಗ್ರಿ? ತಲಿ ಮ್ಯಾಲೆ ಆಕಾಶ ಇರಬೇಕಲ್ರಿ" ಎಂದರು. ನಮ್ಮ ಮನೆಯ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ! ಅಜ್ಜಿ "ನಮ್ ಬುದ್ಧಿಗಿಷ್ಟು ಮಣ್ಣಾಕ" ಎಂದು ಬಿದ್ದು ಬಿದ್ದು ನಕ್ಕಳು. ಅಪ್ಪ ನಗಲಿಲ್ಲ. "ಊರೋರ್ ಮಕ್ಳಿಗೆ ಆಕಾಶ ಬೇಕು, ನಿನ್ ಮಗ ಬೀದಿಗೆ ಬೀಳ್ಲಿ" ಎಂದ. "ನಾನ್ ಸತ್ ಮ್ಯಾಕೆ ಏನಾರ ಕಟ್ಕ ಓಗು" ಎಂದಳು ಅಜ್ಜಿ. "ಸರಿ, ಹಂಗೇ ಆಗ್ಲಿ" ಎಂದು ಅಪ್ಪ ಎದ್ದುಹೋದ. ಅಲ್ಲಿಂದ ಮುಂದೆ ತಾಯಿ ಮಗ ಬೇಕಾದ್ದಕ್ಕಷ್ಟೇ ಮಾತಾಡುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಒಂದು ಬೆಳಗಿನ ಜಾವ, ಅಜ್ಜಿ ನಿದ್ದೆಯಲ್ಲೇ ಹೋದಳು. ಕಣದ ನಡುವೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದರು. ಪೆಂಡಾಲು ಬಂತು, ಕುರ್ಚಿ ಬಂದವು, ತಮಟೆಯವರು ಬಂದರು. ನೆಂಟರಲ್ಲೊಬ್ಬ ಅಪ್ಪನ ಹೆಗಲು ಮುಟ್ಟಿ, "ಇನ್ನು ನಿಂಗೆ ಅಡ್ಡಿ ಮಾಡೋರಿಲ್ಲ ಬಿಡಪ್ಪ, ಈ ವರ್ಷಾನೇ ಗುದ್ದಲಿ ಪೂಜೆ ಮಾಡ್ಬಿಡು" ಎಂದ. ಅಪ್ಪ ಅವನ ಮುಖವನ್ನೇ ನೋಡಲಿಲ್ಲ. ಅವತ್ತು ಶಾಲೆಯಲ್ಲಿ ಡ್ರಿಲ್ಲು. ಅಗ್ನಿಶಾಮಕ ದಳದವರು ನೋಡುವುದಕ್ಕೆ ಬರುವವರಿದ್ದರು. ಹೆಡ್ ಮೇಡಂ ಹೂವಿನ ಹಾರ ಹಿಡಿದು ಬಂದರು, ಹಿಂದೆ ಸಿದ್ದಪ್ಪ ಮೇಷ್ಟ್ರು. ಹಾರ ಹಾಕಿ, ಕಣ್ಣೊರೆಸಿಕೊಂಡು, "ಇವತ್ತಿಂದು ಕ್ಯಾನ್ಸಲ್ ಮಾಡಿದೀವಿ. ಮುಂದಕ್ಕೆ ಎಲ್ಲಾದ್ರೂ ಬೇರೆ ಕಡೆ ನೋಡ್ಕೋತೀವಿ, ನಿಮಗೆ ತೊಂದ್ರೆ ಬೇಡ" ಎಂದರು.

ಅಪ್ಪ ಅಜ್ಜಿಯ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಎದ್ದು ನಿಂತ. "ಬೆಂಕಿ ಬಿದ್ರೆ, ಎದುರುಮನೇಲಿ ಸಾವಾಗಿದೆ ಅಂತ ಕಾಯ್ತದಾ ಮೇಡಂ? ಬೆಲ್ ಹೊಡೀರಿ" ಎಂದ. ಅವರಿಗೆ ನಂಬಿಕೆಯಾಗಲಿಲ್ಲ. "ಹೊಡೀರಿ ಮೇಡಂ. ಮಾತ್ ಕೊಟ್ಟಿರೋಳು ಇನ್ನೂ ಕಣದಲ್ಲೇ ಅವ್ಳೆ." ಸಾವಿನ ಮನೆಗೆ ಎಳೆ ಮಕ್ಕಳನ್ನು ಕರೆಯುವುದುಂಟೇ ಎಂದು ಹಿರಿಯರು ಗೊಣಗಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ತಮಟೆ ನಿಲ್ಲಿಸಿದ, ಪೆಂಡಾಲು ಬಿಚ್ಚಿಸಿದ, ಕುರ್ಚಿಗಳನ್ನು ತಾನೇ ಎತ್ತಿ ಹಿತ್ತಲಿಗೆ ಸಾಗಿಸಿದ. ಅಜ್ಜಿಯನ್ನು ಮಾತ್ರ ಕದಲಿಸಲಿಲ್ಲ. ಮುಂದೆ ಶಾಲೆ ಸ್ವಂತ ಮೈದಾನವಿರುವ ಜಾಗಕ್ಕೆ ಹೋಗುವ ತನಕ ಅಪ್ಪ ಅಲ್ಲಿ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಅದೆಲ್ಲ ಆಮೇಲಿನ ಮಾತು.

ಬೆಲ್ಲು ಬಾರಿಸಿತು. ಮಕ್ಕಳು ಬಂದರು. ಯಾರೂ ಓಡಲಿಲ್ಲ, ಯಾರೂ ಮಾತಾಡಲಿಲ್ಲ. ಕ್ಲಾಸು ಕ್ಲಾಸಾಗಿ ಅಜ್ಜಿಯ ಸುತ್ತ ತಮ್ಮ ತಮ್ಮ ಜಾಗದಲ್ಲಿ ನಿಂತರು. ಅಮ್ಮನ ಪಕ್ಕದಲ್ಲಿ ನಿಂತು ಅತ್ತೂ ಅತ್ತೂ ನನಗೆ ಸಾಕಾಗಿತ್ತು, ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಮನೆಯ ಬಟ್ಟೆಯಲ್ಲೇ ಹೋಗಿ ನನ್ನ ಕ್ಲಾಸಿನ ಸಾಲಿನಲ್ಲಿ ನಿಂತೆ. ಅಲ್ಲಿ ಏನು ಮಾಡಬೇಕೆಂದು ಗೊತ್ತಿತ್ತು. ಮೇಷ್ಟ್ರು ಎಣಿಸುತ್ತಾ ಬಂದು, ನನ್ನ ತಲೆ ಮುಟ್ಟಿ, ಮುಂದೆ ಹೋದರು. ಕೊನೆಯ ಸಾಲು ಮುಗಿದಾಗ ಮೇಡಂ ಕಡೆ ತಲೆಯಾಡಿಸಿದರು ಅಷ್ಟೆ. ಅಗ್ನಿಶಾಮಕದವರು ಟೋಪಿ ತೆಗೆದು ಕೈಲಿ ಹಿಡಿದಿದ್ದರು. ಮಕ್ಕಳು ಬಂದ ಹಾಗೆಯೇ ಸಾಲಾಗಿ ಹಿಂದಿರುಗಿದರು. ಗೇಟಿನ ಹತ್ತಿರ ನಿಂತಿದ್ದ ಅಪ್ಪ ಕೊನೆಯ ಮಗು ಓಣಿ ದಾಟುವುದನ್ನು ನೋಡಿಕೊಂಡು ಒಳಗೆ ಬಂದ. ಅಜ್ಜಿಯ ಕಿವಿಯ ಹತ್ತಿರ ಬಗ್ಗಿದ. ಎಷ್ಟೋ ತಿಂಗಳಿಂದ ಅವಳ ಜೊತೆ ನೆಟ್ಟಗೆ ಮಾತಾಡದಿದ್ದವನು, "ಅವ್ವಾ, ಎಲ್ಲಾ ಬಂದಿದ್ರು ಕಣವ್ವಾ" ಎಂದು ಜೋರಾಗಿ ಅತ್ತುಬಿಟ್ಟ.

ಆಮೇಲೆ ಅಜ್ಜಿಯನ್ನು ಎತ್ತಿಕೊಂಡು ಹೋದರು.