ಅಕ್ಕನ ಹಿತ್ತಲಿನ ಬೆಂಕಿ

"ಇನ್ನು ಮೇಲೆ ಹೊಗೆಯಿಂದ ದೂರ ಇರಬೇಕು" ಎಂದರು ಹುಬ್ಬಳ್ಳಿಯ ಡಾಕ್ಟರು.

ಎದುರಿಗೆ ಕುಳಿತಿದ್ದ ನನ್ನ ಅಕ್ಕ ಶಾಂತಕ್ಕ ಕೇಳಿದಳು: "ಹಂಗಾರ ಒಲಿ ಮುಂದ ಯಾರು ಕುಂದ್ರೂದ್ರಿ ಸಾಹೇಬ್ರ?"

ಡಾಕ್ಟರು ಗುಳಿಗೆ ಬರೆದುಕೊಟ್ಟರು. (ಅವರ ತಪ್ಪೇನಲ್ಲ. ಉತ್ತರ ಗೊತ್ತಿಲ್ಲದಾಗ ನಾನೂ ಅಂಕಣ ಬರೆಯುತ್ತೇನೆ.)

ಶಾಂತಕ್ಕನನ್ನು ಕೊಟ್ಟಿರುವುದು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿಗೆ. ಭತ್ತದ ಗದ್ದೆ, ಎಮ್ಮೆ, ಎತ್ತು, ತುಂಬಿದ ಮನೆ. ಅಡುಗೆಮನೆಗೆ ಇರುವುದು ಒಂದೇ ಬೆಳಕಿಂಡಿ. ಒಲೆಗೆ ಹಾಕುವುದು ಕಟ್ಟಿಗೆ, ಕುಳ್ಳು. ಮದುವೆಯಾದ ವರ್ಷದಿಂದಲೇ ಅವಳ ಕಣ್ಣು ಕೆಂಪು. ಆಮೇಲೆ ಕೆಮ್ಮು ಬಂತು. ಮೊದಮೊದಲು ಬೆಳಿಗ್ಗೆ ಒಲೆ ಹೊತ್ತಿಸುವಾಗ ಮಾತ್ರ. ಬರಬರುತ್ತ ಮಾತಿನ ನಡುವೆಯೂ. ಈ ಚಳಿಗಾಲದಲ್ಲಿ ಬಾವಿಯಿಂದ ನೀರು ತರುವಾಗ ಅವಳು ದಾರಿಯಲ್ಲೇ ಕೊಡ ಇಳಿಸಿ ಕುಳಿತುಬಿಟ್ಟಳಂತೆ. ಅವತ್ತೇ ಭಾವ ಬಸಪ್ಪನವರು ಹೆದರಿ ಹುಬ್ಬಳ್ಳಿಗೆ ಕರೆತಂದದ್ದು. ಜೊತೆಗಿರಲೆಂದು ನಾನೂ ಹೋದೆ.

ಭಾವನದು ಮಾತು ಕಡಿಮೆ. ವಾಪಸು ಬರುವಾಗ ಬಸ್ಸು ತಡಸ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ನಾನು ನನ್ನ ಊರು ಶಿಗ್ಗಾಂವಿಯಲ್ಲಿ ಇಳಿಯಬೇಕು. ಆಗ ಬಾಯಿಬಿಟ್ಟರು.

"ತಂಗಿ, ಹತ್ತಿಮತ್ತೂರಾಗ ಒಬ್ಬರು ಶಗಣಿಲೆ ಗ್ಯಾಸ್ ಮಾಡ್ಯಾರಂತ. ಅದಕ್ಕ ಹೊಗೀನ ಇಲ್ಲಂತ. ಹೋಗಿ ನೋಡಿ ಬರ್ತೇನಿ."

ಹೋಗಿ ನೋಡಿ ಬಂದರು. ಹೇಗಿತ್ತು ಎಂದು ಕೇಳಿದೆ. "ಚಾ ಮಾಡಿ ಕೊಟ್ರು. ಚಾ, ಚಾದಂಗ ಇತ್ತು" ಎಂದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಬೇಕಿತ್ತು. ಅಕ್ಕನ ಅತ್ತೆ ನೀಲವ್ವನಿಗೆ.

ನೀಲವ್ವ ಕೆಟ್ಟವರಲ್ಲ. ಸೊಸೆಯ ಕಾಯಿಲೆ ಅವರಿಗೂ ಚಿಂತೆಯೇ. ಆದರೆ ದಿನಾ ಲಿಂಗಪೂಜೆ ಮುಗಿಸಿ, ಎಡೆ ಹಿಡಿದು, ಆಮೇಲೆಯೇ ತುತ್ತು ಬಾಯಿಗಿಡುವವರು. ಅವರ ಪ್ರಶ್ನೆ ನೇರವಾಗಿತ್ತು: "ಗುಂಡ್ಯಾಗ ಕೊಳತದ್ದರ ಉರಿ ಮ್ಯಾಲ ಬೇಯಿಸಿದ್ದನ್ನ ದೇವರಿಗೆ ಹೆಂಗ ಎಡಿ ಹಿಡೀಲಿ? ನೀವು ಏನರ ಮಾಡಿಕೊಳ್ರಿ. ನನ್ನ ಒಲಿ ನನಗಿರ್ಲಿ."

ನಾನು ಜಾಣತನ ತೋರಿಸಲು ಹೋದೆ. "ಅತ್ತಿ, ಕುಳ್ಳೂ ಶಗಣೀದ ಅಲ್ಲೇನ್ರಿ?"

"ಅದು ಬಿಸಿಲಾಗ ಒಣಗಿರ್ತೈತವಾ. ಸೂರ್ಯಪ್ಪ ನೋಡಿರ್ತಾನ. ಇದನ್ನ ಯಾರು ನೋಡ್ಯಾರ?"

ನೀವಾದರೆ ಏನು ಹೇಳುತ್ತಿದ್ದಿರಿ?

ಹಿತ್ತಲಲ್ಲಿ ಗುಂಡಿ ತೋಡಿದರು. ಗೌಂಡಿ ಬಂದು ಒಳಗೆ ಇಟ್ಟಿಗೆ ಕಟ್ಟಿದ. ಚಕ್ಕಡಿಯಲ್ಲಿ ಕಬ್ಬಿಣದ ದೊಡ್ಡ ಡ್ರಮ್ಮು ಬಂತು. ಅದನ್ನು ಇಳಿಸಲು ಓಣಿಯ ಗಟ್ಟಿಗರೆಲ್ಲ ಕೈಹಚ್ಚಬೇಕಾಯಿತು. ಬಾಯಿ ಕೆಳಗೆ ಮಾಡಿ ಗುಂಡಿಯೊಳಗೆ ಕೂರಿಸಿದರು. ಸಗಣಿ ಕೊಳೆತು ಏಳುವ ಗ್ಯಾಸು ಅದರೊಳಗೆ ತುಂಬಿ, ಕೊಳವೆಯಲ್ಲಿ ಅಡುಗೆಮನೆಗೆ ಬರಬೇಕು. ಸಗಣಿಗೆ ನೀರು ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ ದಿನಾ ಸುರಿಯುವುದು ಭಾವನ ಕೆಲಸ. "ಬಸಪ್ಪ ನೆಲಕ್ಕ ಉಣಸಾಕತ್ತಾನ" ಎಂದು ಊರು ನಕ್ಕಿತು. ಭಾವ ಸುರಿಯುತ್ತಲೇ ಇದ್ದರು. ಅಕ್ಕ ಒಳಗೆ ಕೆಮ್ಮುತ್ತಲೇ ಇದ್ದಳು.

ಮುಂದೊಂದು ಭಾನುವಾರ ನಾನು ಹೋದಾಗ ಭಾವ ಚೀಲ ಇಳಿಸಲೂ ಬಿಡದೆ ಹಿತ್ತಲಿಗೆ ಕರೆದೊಯ್ದರು. ಡ್ರಮ್ಮಿನ ನೆತ್ತಿ ಮೊದಲು ಗುಂಡಿಯ ಕಟ್ಟೆಗೆ ಸಮವಾಗಿತ್ತು. ಈಗ ನನ್ನ ಮೊಣಕಾಲಿನವರೆಗೆ ಬಂದಿತ್ತು.

"ಯಾರು ಎತ್ತಿದ್ರು?" ಎಂದೆ.

"ಯಾರೂ ಎತ್ತಿಲ್ಲ. ತಾನ ಎದ್ದೈತಿ."

ನಾನು ಡ್ರಮ್ಮಿನ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಕಾದಿತ್ತು. ಒತ್ತಿದರೆ ನೀರಿನಲ್ಲಿ ತೇಲುವ ಕೊಡದಂತೆ ಮೆಲ್ಲಗೆ ಅಲುಗಿತು. ಅಷ್ಟು ಗಂಡಸರು ಏದುಸಿರು ಬಿಟ್ಟು ಇಳಿಸಿದ ಕಬ್ಬಿಣವನ್ನು ಎಮ್ಮೆಯ ಸಗಣಿ, ಸದ್ದಿಲ್ಲದೆ, ಕತ್ತಲೊಳಗೆ ಕುಳಿತು ಮೇಲೆತ್ತಿತ್ತು. ನಾನು ಗುಡಿಗಳಲ್ಲಿ ನಿಂತು ಕೈಮುಗಿದಿದ್ದೇನೆ. ಆದರೆ ಮೈ ಜುಮ್ಮೆಂದದ್ದು ಅಲ್ಲಿ, ಆ ಹಿತ್ತಲಲ್ಲಿ, ನೊಣ ಓಡಿಸುತ್ತ ನಿಂತಾಗ.

ಅವತ್ತು ಸಂಜೆ ಅರ್ಧ ಊರು ಅಡುಗೆಮನೆಯ ಬಾಗಿಲಲ್ಲಿ ನೆರೆಯಿತು. ಭಾವ ಹೊಸ ಸ್ಟೌವಿನ ಕೀಲಿ ತಿರುವಿದರು. ಕಡ್ಡಿ ಗೀರಿದರು. ಬುಸ್ಸೆಂದು ಗಾಳಿ ಬಂತು, ಕಡ್ಡಿ ಆರಿತು. ಇನ್ನೊಂದು ಕಡ್ಡಿ. ಅದೂ ಆರಿತು. ಪೆಟ್ಟಿಗೆ ಖಾಲಿಯಾಗುತ್ತ ಬಂದರೂ ನಾತ ಬಿಟ್ಟರೆ ಏನೂ ಹುಟ್ಟಲಿಲ್ಲ. ಯಾರೋ ಕಿಸಕ್ಕೆಂದರು. ಜನ ಒಬ್ಬೊಬ್ಬರೇ ಜಾರಿಕೊಂಡರು. ನೀಲವ್ವ ಕುಳ್ಳಿನ ಬುಟ್ಟಿಯನ್ನು ಒಲೆಯ ಹತ್ತಿರ ಸರಿಸಿದರು. ಬೈದಿದ್ದರೇ ವಾಸಿಯಿತ್ತು. ಶಾಂತಕ್ಕ ಸೆರಗು ಬಾಯಿಗೆ ಹಿಡಿದು ಮತ್ತೆ ಕುಳ್ಳು ಹೊತ್ತಿಸಿದಳು.

ಭಾವ ಕಟ್ಟೆಯ ಮೇಲೆ ಕುಳಿತವರು ಊಟಕ್ಕೂ ಏಳಲಿಲ್ಲ. ಕೊನೆಗೆ ಅಕ್ಕನೇ ಹೋಗಿ ಹೇಳಿದಳು: "ಮದಲಿನ ಗ್ಯಾಸ್ ಹತ್ತೂದಿಲ್ಲ, ಹೊರಗ ಬಿಟ್ಟುಬಿಡ್ರಿ ಅಂತ ಗೌಂಡಿ ಹೇಳಿದ್ದಿಲ್ಲೇನು? ನೀವು ಮರತೀರಿ. ಇನ್ನೊಮ್ಮೆ ತುಂಬೂಣು. ನಾನೂ ಕಲಸ್ತೇನಿ."

ಉಸಿರು ಸಾಲದವಳು, ಗಂಡನಿಗೆ ಉಸಿರು ತುಂಬಿದಳು.

ಮತ್ತೆ ಡ್ರಮ್ಮು ಎದ್ದ ಸುದ್ದಿ ತಿಳಿದು ನಾನು ಹೋದದ್ದು ಕಳೆದ ವಾರ. ಈ ಸಲ ಜನರನ್ನು ಕರೆದಿರಲಿಲ್ಲ. ಅಕ್ಕನೇ ಕಡ್ಡಿ ಗೀರಿದಳು. ಪುಸ್ಸೆಂದು ಒಂದು ಸದ್ದು, ಅಷ್ಟೇ. ಸ್ಟೌವಿನ ಸುತ್ತ ನೀಲಿ ಹೂವಿನ ಎಸಳುಗಳಂಥ ಉರಿ ಅರಳಿ ನಿಂತಿತು. ಹೊಗೆಯಿಲ್ಲ, ಮಸಿಯಿಲ್ಲ, ಕಿಡಿಯಿಲ್ಲ. ಅಕ್ಕ, ಭಾವ, ನಾನು ಮೂವರೂ ಅದನ್ನೇ ನೋಡುತ್ತ ಕುಳಿತೆವು. ಪಾತ್ರೆ ಇಡಬೇಕೆಂಬುದೇ ಮರೆತುಹೋಗಿತ್ತು. ಅಕ್ಕನ ಕಣ್ಣಲ್ಲಿ ನೀರಿತ್ತು. ಆ ಅಡುಗೆಮನೆಯಲ್ಲಿ ಹೊಗೆಯಿಲ್ಲದೆ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೀಲವ್ವ ಅತ್ತ ಸುಳಿಯಲಿಲ್ಲ. ಹೊರಗಿನ ಪಡಸಾಲೆಯಲ್ಲಿ ಅವಲಕ್ಕಿ ತಿಂದು ಮಲಗಿದರು.

ಮಾರನೆಯ ಬೆಳಿಗ್ಗೆ ಅವರು ಗಾಬರಿಯಿಂದ ಅಡುಗೆಮನೆಗೆ ಓಡಿಬಂದರು. ತಲೆಯ ಮೇಲೆ ಸೆರಗಿಲ್ಲ. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಯಾಕವಾ ಶಾಂತಾ, ಆರಾಮ ಅದೀಯಿಲ್ಲೋ?"

"ಆರಾಮ ಅದೇನ್ರಿ ಅತ್ತಿ. ಯಾಕ್ರಿ?"

"ನೀ ಕೆಮ್ಮಿದ್ದ ಕೇಳ್ಲಿಲ್ಲ. ಏನಾತೋ ಅಂತ ಎದಿ ಧಸಕ್ ಅಂತು."

ಇಷ್ಟು ವರ್ಷ ಸೊಸೆಯ ಕೆಮ್ಮು ಕೇಳಿಯೇ ಆ ಮನೆಗೆ ಬೆಳಗಾಗುತ್ತಿತ್ತು. ಕೆಮ್ಮು ಕೇಳಿದರೆ ಒಲೆ ಹೊತ್ತಿತು ಎಂದು ಅರ್ಥ. ಅವಳು ದಾರಿಯಲ್ಲಿ ಕೊಡ ಇಳಿಸಿ ಕುಳಿತ ದಿನದವರೆಗೂ ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ, ಅಕ್ಕನೂ ಸೇರಿ.

ನೀಲವ್ವ ಹೊಸ್ತಿಲ ಮೇಲೆ ಕುಳಿತರು. ಬೆಳಕಿಂಡಿಯ ಬಿಸಿಲು ಸ್ಟೌವಿನ ಮೇಲೇ ಬಿದ್ದಿತ್ತು. "ಉರಿ ಎಲ್ಲೈತಿ? ಕಾಣವಲ್ದಲ್ಲ" ಎಂದರು. ಅಕ್ಕ ಹಂಚು ಇಳಿಸಿ, ಅತ್ತೆಯ ಕೈ ಹಿಡಿದು ಉರಿಯ ಮೇಲೆ, ಸ್ವಲ್ಪ ಎತ್ತರದಲ್ಲಿ ಹಿಡಿದಳು. ಆ ಸುಕ್ಕುಗಟ್ಟಿದ ಅಂಗೈ ಅಲ್ಲೇ ನಿಂತಿತು. ಮಂಗಳಾರತಿ ತೆಗೆದುಕೊಳ್ಳುವವರ ಹಾಗೆ ಅವರು ಕೈಯನ್ನು ಮೆಲ್ಲಗೆ ಕಣ್ಣಿಗೊತ್ತಿಕೊಂಡರು. ತಾವು ಹಾಗೆ ಮಾಡಿದ್ದು ಅವರಿಗೇ ಗೊತ್ತಾಗಲಿಲ್ಲವೇನೋ.

ಪೂಜೆಯ ಹೊತ್ತಿಗೆ ಎಡೆಯ ಅಕ್ಕಿ ತೊಳೆದು ತಂದು ಅಕ್ಕನ ಮುಂದಿಟ್ಟರು. "ಇದರ ಮ್ಯಾಲ ಇಡು."

"ಅತ್ತಿ, ದೇವರಿಗೆ..." ಎಂದು ಅಕ್ಕ ತಡವರಿಸಿದಳು.

"ಇಷ್ಟು ವರ್ಷ ನೀ ಕೆಮ್ಮಿಕೋತ ಮಾಡಿದ್ದನ್ನ ಉಂಡಾನ. ಇದನ್ನ ಯಾಕ ಒಲ್ಲೆ ಅಂತಾನ?"

ಅಕ್ಕನ ಎದೆ ಪೂರ್ತಿ ವಾಸಿಯಾಗುತ್ತದೋ ಇಲ್ಲವೋ, ಗೊತ್ತಿಲ್ಲ. ಕಾಲ ಬೇಕು ಎಂದಿದ್ದಾರೆ ಡಾಕ್ಟರು. ಆದರೆ ಕಟ್ಟಿಗೆ ಹೊರುವುದು ನಿಂತಿದೆ. ಗುಂಡಿಯಿಂದ ಹೊರಬಿದ್ದ ಗೊಬ್ಬರ ಗದ್ದೆಗೆ ಹೋಗುತ್ತಿದೆ. ಗದ್ದೆಯ ಹುಲ್ಲು ಎಮ್ಮೆಗೆ, ಎಮ್ಮೆಯ ಸಗಣಿ ಮತ್ತೆ ಗುಂಡಿಗೆ. ಮಣ್ಣಿನಿಂದ ತೆಗೆದುಕೊಂಡಿದ್ದನ್ನು ಮಣ್ಣಿಗೇ ಕೊಟ್ಟು, ನಡುವೆ ಒಂದು ಊಟ ಬೇಯಿಸಿಕೊಳ್ಳುವುದು. ಇದೆಲ್ಲ ನಮ್ಮ ಹಿತ್ತಲಲ್ಲೇ ಬಿದ್ದಿತ್ತಲ್ಲ?

ಶಿಗ್ಗಾಂವಿಯ ನನ್ನ ಮನೆಯಲ್ಲಿ ಎಮ್ಮೆಯಿಲ್ಲ, ಸೀಮೆಎಣ್ಣೆಯ ಸ್ಟೌ ಇದೆ. ನಾನು ಮಾಡಿದ್ದಿಷ್ಟೇ: ಬೇಳೆ ನೆನೆಹಾಕಿ, ಮುಚ್ಚಳ ಮುಚ್ಚಿ ಬೇಯಿಸುತ್ತಿದ್ದೇನೆ. ಎಣ್ಣೆ ಉಳಿಯುತ್ತಿದೆ. (ಇಷ್ಟಕ್ಕೇ ಹೆಮ್ಮೆಯೇ ಎನ್ನಬೇಡಿ. ಹೌದು, ಹೆಮ್ಮೆಯೇ.)

ನಾನು ಹೊರಡುವ ದಿನ ಅಕ್ಕ ಅಡುಗೆಮನೆಗೆ ಸುಣ್ಣ ಬಳಿಯಬೇಕೆಂದು ಗೋಡೆ ಕೆರೆಯುತ್ತಿದ್ದಳು. ಮಸಿಯ ಕೆಳಗೆ ಗೋಡೆ ಕೆಂಪಗಿತ್ತು. ನೀಲವ್ವ ಹತ್ತಿರ ಬಂದು ಮುಟ್ಟಿ ನೋಡಿದರು. "ನಾ ಮದಿವ್ಯಾಗಿ ಬಂದಾಗೂ ಇದು ಕರೀದ ಇತ್ತು. ಕರಿ ಬಣ್ಣಾನ ಹಚ್ಚ್ಯಾರ ಅಂದ್ಕೊಂಡಿದ್ದೆ."

ನಿಮ್ಮ ಮನೆಯ ಅಡುಗೆಮನೆಯ ಗೋಡೆ ಯಾವ ಬಣ್ಣ?